ಕೂತು ಸತ್ತ ನಾಯಕಿ

ನನಗೆ ಒಂದು ಕಡೆ ಕೂರುವುದು ಗೊತ್ತಿಲ್ಲ. ಪಾಠ ಮಾಡುವಾಗಲೂ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತೇನೆ. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಕೂಡ ನಿದ್ದೆ ಮಾಡುವುದಿಲ್ಲ. ಪಾಠದ ಮೇಲಿನ ಪ್ರೀತಿಯಿಂದಲ್ಲ, ನಾನು ಯಾವ ಕ್ಷಣ ಯಾರ ತಲೆಯ ಹತ್ತಿರ ಬಂದು ನಿಲ್ಲುತ್ತೇನೋ ಎಂಬ ಅಂಜಿಕೆಯಿಂದ. ರವಿವಾರ ಬಂತೆಂದರೆ ಮನೆಯ ಡಬ್ಬಿಗಳಿಗೆಲ್ಲ ವನವಾಸ. ಕೆಳಗಿಳಿಸುತ್ತೇನೆ, ಒರೆಸುತ್ತೇನೆ, ತಿರುಗಿ ಇದ್ದಲ್ಲೇ ಇಡುತ್ತೇನೆ. ಚಿತ್ತಾಪುರದಲ್ಲಿ ಧೂಳಿಗೆ ಬರವಿಲ್ಲವಾದ್ದರಿಂದ ಈ ಚಟಕ್ಕೆ ಮರ್ಯಾದೆಯ ಕಾರಣವೂ ಸಿಗುತ್ತದೆ. ಬ್ಯಾಂಕಿನಲ್ಲಿ ವಾರವೆಲ್ಲ ಕೂತೇ ಇರುವ ನಮ್ಮ ಯಜಮಾನರಿಗೆ ಇದು ಅರ್ಥವಾಗುವುದಿಲ್ಲ. ನೀನು ಧೂಳು ಒರೆಸುತ್ತಿದ್ದೀಯೋ ಅದರ ಜೊತೆ ಜಗಳವಾಡುತ್ತಿದ್ದೀಯೋ ಎಂದು ಪೇಪರಿನ ಹಿಂದಿನಿಂದ ಕೇಳುತ್ತಾರೆ.

ಹೋದ ರವಿವಾರ ಅಲಮಾರಿಯ ಮೇಲಿನ ಸಾಲಿನಲ್ಲಿ ಕೈಗೆ ಸಿಕ್ಕಿದ್ದು ಒಂದು ಖಾಲಿ ಬಾಟಲಿ. ಕೆಮ್ಮಿನ ಔಷಧದ್ದು. ಅದರ ಮೇಲೆ ಬಿಳಿ ಕಾಗದ ಅಂಟಿಸಿ ಯಾರೋ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ವಿಷ’ ಎಂದು ಬರೆದು, ಅದಕ್ಕೆ ಗೀಟು ಹಾಕಿ, ಕೆಳಗೆ ‘ನಿದ್ದೆಯ ಔಷಧ’ ಎಂದು ತಿದ್ದಿದ್ದರು. ತಿದ್ದಿಸಿದವಳು ನಾನೇ. ಒಂದು ವರ್ಷದ ಹಿಂದೆ ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಆಡಿದ ನಾಟಕದ ಸಾಮಾನು ಅದು. ಬಿಸಾಡಲೇ ಎಂದು ಯಜಮಾನರು ಕೈ ಚಾಚಿದರು. ಬೇಡವೆಂದೆ. ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಾನು ಸೇಡಂನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಚಿತ್ತಾಪುರದಿಂದ ದಿನಾ ರೈಲುಗಾಡಿ. ವರ್ಷ ವರ್ಷವೂ ನನ್ನ ಪಾಲಿಗೆ ಬರುವುದು ಒಂದು ಹಳೆಯ ಪರದೇಶದ ದುರಂತ ನಾಟಕ. ಹೆಸರು ಬೇಡ. ಹೆಸರು ಹೇಳಿದರೆ ನಿಮಗೆ ನಿಮ್ಮ ಕಾಲೇಜೂ ಗೈಡೂ ನೆನಪಾಗಿ ನನ್ನ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕತೆ ನಿಮಗೆ ಗೊತ್ತಿದ್ದದ್ದೇ: ಎರಡು ಮನೆತನಗಳಿಗೆ ಹಾವು ಮುಂಗುಸಿಯ ವೈರ. ಈ ಮನೆಯ ಹುಡುಗಿಗೂ ಆ ಮನೆಯ ಹುಡುಗನಿಗೂ ಪ್ರೀತಿ. ಹುಡುಗಿಗೆ ಬೇರೆ ಕಡೆ ಮದುವೆ ನಿಶ್ಚಯಿಸುತ್ತಾರೆ. ತಪ್ಪಿಸಿಕೊಳ್ಳಲು ಅವಳು ಒಬ್ಬ ಸನ್ಯಾಸಿಯ ಮಾತು ಕೇಳಿ, ಸತ್ತಂತೆ ಕಾಣಿಸುವ ನಿದ್ದೆಯ ಔಷಧ ಕುಡಿಯುತ್ತಾಳೆ. ಇದು ನಾಟಕವಷ್ಟೆ, ಅವಳು ಏಳುತ್ತಾಳೆ ಎಂಬ ಸುದ್ದಿ ಹುಡುಗನಿಗೆ ಮುಟ್ಟುವುದಿಲ್ಲ. ಅವನು ನಿಜವೆಂದು ನಂಬಿ ಸಾಯುತ್ತಾನೆ, ಎದ್ದು ನೋಡಿದ ಅವಳೂ ಸಾಯುತ್ತಾಳೆ. ಆಮೇಲೆ ಹಿರಿಯರಿಗೆ ಬುದ್ಧಿ ಬರುತ್ತದೆ.

ಪರೀಕ್ಷೆಯಲ್ಲಿ ತಪ್ಪದೆ ಒಂದು ಪ್ರಶ್ನೆ: ಈ ನಾಟಕದಿಂದ ನಾವು ಕಲಿಯಬೇಕಾದ ಪಾಠವೇನು? ನಾಟಕಕಾರನಿಗೇ ಗೊತ್ತಿತ್ತೋ ಇಲ್ಲವೋ, ನಮ್ಮ ಮಕ್ಕಳಿಗೆ ಗೊತ್ತು. ತಂದೆತಾಯಿಯ ಮಾತು ಮೀರಬಾರದು. ಅವಸರವೇ ಅಪಾಯಕ್ಕೆ ಕಾರಣ. ದ್ವೇಷ ಒಳ್ಳೆಯದಲ್ಲ. ಒಬ್ಬ ಪುಣ್ಯಾತ್ಮ ಟಪಾಲಿನ ವ್ಯವಸ್ಥೆ ಸುಧಾರಿಸಬೇಕು ಎಂದು ಬರೆದಿದ್ದ. ನಕ್ಕು ಅವನಿಗೆ ಒಂದು ಅಂಕ ಹೆಚ್ಚು ಕೊಟ್ಟಿದ್ದೆ.

ಆ ವರ್ಷ ಈ ಪಾಠಗಳ ಬಗ್ಗೆ ಬೇರೆ ಮಾತಾಡಿದವಳು ಶಿವಲೀಲಾ ಒಬ್ಬಳೇ. ಬಿ.ಎ. ಕೊನೆಯ ವರ್ಷ, ಕುರಕುಂಟಾದಿಂದ ಬರುತ್ತಿದ್ದಳು. ತೊಗರಿ ಬೆಳೆಯುವ ಲಿಂಗಾಯತರ ಮನೆಯ ಹುಡುಗಿ, ಮಾತು ಕಡಿಮೆ. ಹುಡುಗಿಯ ತಪ್ಪೇನು ಎಂದು ನಾನು ಕ್ಲಾಸಿನಲ್ಲಿ ಕೇಳಿದಾಗ ಎಲ್ಲರೂ ಪ್ರೀತಿಸಿದ್ದು ಎಂದರು. ಇವಳು ಎದ್ದು ನಿಂತು, ಪ್ರೀತಿಯಲ್ಲ, ತನ್ನ ಯುಕ್ತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ತಪ್ಪು ಎಂದಳು. ಭೇಷ್ ಎಂದೆ. ಭೇಷ್ ಎಂದು ಮುಂದಿನ ಅಂಕಕ್ಕೆ ಹೋದೆ. ಮಕ್ಕಳು ಏನಾದರೂ ಹೇಳಿದಾಗ ಒಂದು ಗಳಿಗೆ ನಿಂತು ಕೇಳುವ ಸಮಾಧಾನ ನನಗೆಲ್ಲಿಯದು.

ಅವಳಿಗೆ ಆಗಲೇ ಮದುವೆ ನಿಶ್ಚಯವಾಗಿತ್ತು. ಹುಡುಗನಿಗೆ ಚಿಂಚೋಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಕೆಟ್ಟವನಲ್ಲ, ಕುಡಿಯುವವನಲ್ಲ, ನೋಡಲಿಕ್ಕೂ ಚೆನ್ನಾಗಿದ್ದ. ಪರೀಕ್ಷೆ ಮುಗಿದ ಮೇಲೆ ಮದುವೆ, ಮದುವೆಯಾದ ಮೇಲೆ ಓದು ಸಾಕು ಎಂದು ಅವನ ತಾಯಿ ಮೊದಲೇ ಹೇಳಿಬಿಟ್ಟಿದ್ದರು. ಶಿವಲೀಲಾಳಿಗೆ ಬಿ.ಎಡ್. ಮಾಡಬೇಕಿತ್ತು. ಟೀಚರ್ ಆಗಬೇಕಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ಈ ಮದುವೆ ತನಗೆ ಬೇಡವೆಂದಳು. ನಾನೂ ಎಲ್ಲರೂ ಕೇಳುವುದನ್ನೇ ಕೇಳಿದೆ: ಯಾರಾದರೂ ಇದ್ದಾರೇನು?

“ಯಾರೂ ಇಲ್ರಿ ಮೇಡಂ,” ಅಂದಳು. “ಬ್ಯಾಡ ಅನ್ನಲಿಕ್ಕ ಯಾರಾದರೂ ಇರಲೇಬೇಕೇನ್ರಿ?”

ಆ ವಾರವೇ ಕುರಕುಂಟಾಕ್ಕೆ ಹೋಗಿ ಅವಳ ತಂದೆಯನ್ನು ಕಂಡೆ. ಅವರು ಬಾಗಿಲಿಗೇ ಬಂದು ಕರೆದುಕೊಂಡು ಹೋಗಿ, ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ನಾನು ಆ ಕುರ್ಚಿಯಿಂದ ಎರಡು ಸಲ ಎದ್ದೆ, ಎರಡು ಸಲವೂ ಕೂಡಿಸಿದರು. ಕೊನೆಗೆ, “ನೀವು ಹೇಳೋದು ಖರೆ ಅದ ರಿ ಮೇಡಂ ಅವರೆ. ಆದ್ರ ಮಾತು ಕೊಟ್ಟಿವಲ್ಲ,” ಅಂದರು. ಅಷ್ಟು ಮರ್ಯಾದೆಯಿಂದ ಇಲ್ಲ ಅನ್ನಿಸಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಒಳಬಾಗಿಲ ಹತ್ತಿರ ಅವಳ ಆಯಿ, ಅಂದರೆ ಅಜ್ಜಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದಳು. ಮೊಮ್ಮಗಳು ಮೈಗೆ ಆತುಕೊಂಡೇ ನಿಂತಿದ್ದಳು.

ಗ್ಯಾದರಿಂಗ್ ಬಂತು. ಈ ನಾಟಕವನ್ನೇ ನಮ್ಮ ಮಾತಿನಲ್ಲಿ ಆಡೋಣವೆಂದು ಹುಡುಗಿಯರು ಹಟ ಹಿಡಿದರು. ಎರಡು ಮನೆತನಗಳ ಜಗಳಕ್ಕೆ ಕಾರಣ ಬೇಕಲ್ಲ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯ ಗಡಿ ಎಂದು ಮಾಡಿದೆವು. ನಮ್ಮಲ್ಲಿ ಹುಡುಗಿಯ ಎದುರು ಹುಡುಗ ಪಾರ್ಟು ಮಾಡುವುದಿಲ್ಲ; ವಾಡಿಯ ರೇಣುಕಾ ಎಂಬವಳು ಮೀಸೆ ಬರೆದುಕೊಂಡು ನಾಯಕನಾದಳು. ಶಿವಲೀಲಾ ತಾನಾಗಿಯೇ ನಾಯಕಿಯ ಪಾರ್ಟು ಕೇಳಿದಳು. ಮದುವೆಗೆ ಮೊದಲಿನ ಕೊನೆಯ ಆಸೆ ಎಂದು ಅವಳ ತಂದೆಯೂ ಒಪ್ಪಿದರು. ನನಗೂ ಹಾಗೇ ಅನ್ನಿಸಿತು, ಪಾಪ, ಇಷ್ಟಾದರೂ ಆಗಲಿ ಎಂದು.

ಶಹಾಬಾದಿನಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ಮದುವೆ ಗೊತ್ತಾದ ಹುಡುಗಿಯನ್ನು ಹೆಣ ಮಾಡಿ ಮಲಗಿಸುತ್ತೀಯಾ, ನಿನಗೆ ಬುದ್ಧಿ ಎಲ್ಲಿ ಹೋಗಿದೆ ಎಂದು ಬೈದಳು. ಮಲಗುವ ವಿಷಯದಲ್ಲಿ ನಮ್ಮಮ್ಮ ಮೊದಲಿನಿಂದಲೂ ಹೀಗೆಯೇ. ನಮ್ಮದು ಮಡಿ ಹುಡಿ ನೋಡುವ ವೈಷ್ಣವರ ಮನೆ. ಮನೆಯೆಲ್ಲ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ಅಂಥ ಸುಖ ಇನ್ನೊಂದಿಲ್ಲ. ಮಧ್ಯಾಹ್ನ ಫ್ರಾಕನ್ನು ಬೆನ್ನ ಮೇಲಕ್ಕೆ ಸರಿಸಿಕೊಂಡು ಬರಿಯ ಕಲ್ಲಿಗೆ ಬೆನ್ನು ಒತ್ತಿ ಮಲಗುತ್ತಿದ್ದೆವು. ಅಂಗಾತ, ಕಾಲು ಜೋಡಿಸಿ, ಕೈ ನೇರ ಬಿಟ್ಟು ಮಲಗಿದರೆ ಮುಗಿಯಿತು, ಎಲ್ಲಿದ್ದರೂ ಬಂದು ಕಾಲಿಗೊಂದು ತಟ್ಟುತ್ತಿದ್ದಳು. ಹಾಗೆ ಮಲಗುವುದು ಹೆಣ ಒಂದೇ. ತೆಂಕಲಿಗೆ ತಲೆ ಹಾಕಿದರಂತೂ ಎತ್ತಿ ತಿರುಗಿಸಿಯೇ ಬಿಡುತ್ತಿದ್ದಳು. ನಾನು ಒಂದು ಕಡೆ ನಿಲ್ಲದವಳಾಗಿದ್ದು ಇದರಿಂದಲೇ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸುಮ್ಮನೆ ಬಿದ್ದುಕೊಂಡವರಿಗೆ ನಮ್ಮ ಮನೆಯಲ್ಲಿ ಬೆಲೆ ಇರಲಿಲ್ಲ.

ಅಮ್ಮನ ಮಾತಿಗೆ ನಕ್ಕೆ, ಆದರೆ ಮನಸ್ಸಿಗೆ ಹುಳ ಬಿತ್ತು. ಓದಿದವಳು, ಶಕುನ ಗಿಕುನ ನಂಬದವಳು ಎಂದು ಊರೆಲ್ಲ ಹೇಳಿಕೊಂಡು ತಿರುಗುವವಳಿಗೆ ಊಟ ಸೇರಲಿಲ್ಲ. ಗಾಡಿಯಲ್ಲಿ ಯೋಚನೆ, ಅಡಿಗೆಮನೆಯಲ್ಲಿ ಯೋಚನೆ. ಮೂರನೆಯ ದಿನ ಹಲ್ಲು ತಿಕ್ಕುವಾಗ ಉಪಾಯ ಹೊಳೆಯಿತು. ಹುಡುಗಿ ಮಲಗಿ ಸಾಯುವುದೇ ಬೇಡ. ಔಷಧ ಕುಡಿದು ಕಂಬಕ್ಕೆ ಒರಗಿ ಕೂತೇ ಸಾಯಲಿ. ನೋಡಲಿಕ್ಕೆ ನಿದ್ದೆ ಹೋದಂತೆ ಇರುತ್ತದೆ, ಅಪಶಕುನವೂ ಅಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ತಾಲೀಮಿನಲ್ಲಿ ಹುಡುಗಿಯರಿಗೆ ಇದನ್ನು ಹೇಳಿದೆ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಯಾರೋ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಶಿವಲೀಲಾ, “ಆಗಲ್ರಿ ಮೇಡಂ. ಕುಂತೇ ಸಾಯ್ತೀನಿ,” ಅಂದಳು. ಬಾಯಿ ತೆರೆದವಳು ಮುಚ್ಚಿಕೊಂಡಳು. ನಾನು ಮೀಸೆಯ ಬಣ್ಣ ಒರೆಸಿಹೋಗುತ್ತಿದೆ ಎಂದು ರೇಣುಕಾಳ ಹಿಂದೆ ಓಡಿದೆ.

ಗ್ಯಾದರಿಂಗಿನ ದಿನ ಮಧ್ಯಾಹ್ನವೇ ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಿವಲೀಲಾಳ ತಂದೆತಾಯಿ. ಅವರ ಪಕ್ಕದಲ್ಲಿ ಚಿಂಚೋಳಿಯಿಂದ ಬಂದ ವರನ ತಾಯಿ, ಸೋದರಮಾವ. ಬೀಗರನ್ನು ಕರೆಸಿದ್ದು ಯಾರೆಂದು ನಾನು ಕೇಳಲಿಲ್ಲ. ತಂದೆಯೇ ಕರೆಸಿರಬೇಕು ಅಂದುಕೊಂಡೆ. ನಾಟಕ ಚೆನ್ನಾಗಿಯೇ ನಡೆಯಿತು. ಖಣಿಯ ಜಗಳಕ್ಕೆ ಸೀಟಿ ಬಿದ್ದವು. ರೇಣುಕಾಳ ಮೀಸೆಗೆ ಬೇರೆ ಬಿದ್ದವು. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ ಎನ್ನುವುದಕ್ಕಿಂತ ಓಡಾಡುತ್ತಿದ್ದೆ. ಮೊದಲೇ ಹೇಳಿದೆನಲ್ಲ, ಆ ಬಾಟಲಿ ಹಿಡಿದು ಶಿವಲೀಲಾ ರಂಗದ ಮೇಲೆ ಒಬ್ಬಳೇ ಉಳಿದಳು. ಕುಡಿದಳು. ದೀಪ ಒಂದು ಗಳಿಗೆ ಆರಿ ಮತ್ತೆ ಹತ್ತಬೇಕಿತ್ತು, ಹತ್ತಿತು.

ಅವಳು ತಾಲೀಮಿನಂತೆ ಕಂಬಕ್ಕೆ ಒರಗಿರಲಿಲ್ಲ. ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಚಕ್ಕಳಮಕ್ಕಳ ಹಾಕಿ ನೇರವಾಗಿ ಕೂತಿದ್ದಳು. ಎಡಗೈ ತೊಡೆಯ ಮೇಲೆ ಅಂಗೈ ಮೇಲಾಗಿ. ಕತ್ತಲಾದ ಆ ಗಳಿಗೆಯಲ್ಲಿ ಹಣೆಯ ಅಗಲಕ್ಕೂ ವಿಭೂತಿ ಬಳಿದುಕೊಂಡಿದ್ದಳು. ಕೊರಳಲ್ಲಿ ಚೆಂಡು ಹೂವಿನ ಹಾರ.

ಮಂಟಪದಲ್ಲಿ ಸೀಟಿಯೂ ಇಲ್ಲ, ಮಾತೂ ಇಲ್ಲ. ಹಿಂದಿನಿಂದ ಒಬ್ಬಳು ಎದ್ದಳು. ಎರಡೂ ಬದಿಯ ಕುರ್ಚಿ ಹಿಡಿದು ಹಿಡಿದು ಮುಂದೆ ಬಂದಳು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಆಯಿ. ಯಾರೂ ತಡೆಯಲಿಲ್ಲ. ಮೆಟ್ಟಿಲನ್ನು ಕೈಯೂರಿ ಹತ್ತಿ ಮೊಮ್ಮಗಳ ಎದುರು ಕುಸಿದು ಕೂತು, ಅವಳ ಎರಡೂ ಪಾದ ಹಿಡಿದು, “ನನ್ನ ಬಿಟ್ಟು ನೀ ಕುಂತಿಯೇನವ್ವ,” ಎಂದು ಹಾಡಿಕೊಂಡು ಅಳತೊಡಗಿದಳು. ಸತ್ತವರ ಮುಂದೆ ಅಳುವ ಅಳು ಅದು. ಸುಳ್ಳಲ್ಲ ಎಂದು ಯಾರಿಗಾದರೂ ಗೊತ್ತಾಗುವಂಥದ್ದು. ನಾನು ಪರದೆ, ಪರದೆ ಎಂದು ಕೂಗಿದೆ. ಹಗ್ಗ ಸಿಕ್ಕಿಕೊಂಡಿತು. ಪರದೆ ಅರ್ಧಕ್ಕೆ ಬಂದು ನಿಂತಿತು. ಅಷ್ಟು ಹೊತ್ತೂ ಶಿವಲೀಲಾ ಕಣ್ಣು ತೆರೆಯಲಿಲ್ಲ.

ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಕೂಡಿಸಿಯೇ ಮಣ್ಣು ಮಾಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೇಳಿ ಗೊತ್ತಿತ್ತು, ಕಂಡು ಗೊತ್ತಿರಲಿಲ್ಲ. ಶಹಾಬಾದಿನಲ್ಲಿ ನಮ್ಮ ಮನೆಗೂ ಪಕ್ಕದ ಶಾಂತಮ್ಮನ ಮನೆಗೂ ಒಂದೇ ಗೋಡೆ. ಅವರ ಸಜ್ಜೆ ರೊಟ್ಟಿ ಆ ಗೋಡೆಯ ಮೇಲಿನಿಂದ ಈಚೆ ಬರುತ್ತಿತ್ತು, ನಮ್ಮ ಹುಗ್ಗಿ ಆಚೆ ಹೋಗುತ್ತಿತ್ತು. ಅವರ ಮಾವ ತೀರಿಕೊಂಡ ದಿನ ಮಾತ್ರ ಅಮ್ಮ ಆ ಕಡೆಯ ಕಿಟಕಿ ಮುಚ್ಚಿ ನಮ್ಮನ್ನು ಒಳಗೆ ಕೂಡಿಸಿದ್ದಳು. ಭಜನೆ ಕೇಳಿದೆವು, ನೋಡಲಿಲ್ಲ. ಮದುವೆಗೆ ಹೋಗುತ್ತೇವೆ, ಹಬ್ಬಕ್ಕೆ ಹೋಗುತ್ತೇವೆ, ಸಾವಿನ ಮನೆಯ ಒಳಗೆ ಮಾತ್ರ ನಮ್ಮನ್ನು ಬಿಡಲಿಲ್ಲ. ಹೀಗಾಗಿ ನೆರೆಹೊರೆಯವರ ಬದುಕೆಲ್ಲ ಗೊತ್ತು, ಸಾವು ಗೊತ್ತಿಲ್ಲ.

ಬೀಗರು ಉಪ್ಪಿಟ್ಟೂ ಮುಟ್ಟದೆ ಚಿಂಚೋಳಿಯ ಬಸ್ಸು ಹತ್ತಿದರು. ವಾರದೊಳಗೆ ಹೇಳಿಕಳಿಸಿದರು. ಸೊಸೆಯಾಗಿ ಮನೆ ತುಂಬಬೇಕಾದವಳನ್ನು ಆ ರೂಪದಲ್ಲಿ ಕಂಡ ಮೇಲೆ ತನ್ನಿಂದ ಮರೆಯಲಾಗುವುದಿಲ್ಲ ಎಂದು ವರನ ತಾಯಿ ಅಂದರಂತೆ. ಮಾತು ಮುರಿದವರು ಅವರೇ ಆದ್ದರಿಂದ ಶಿವಲೀಲಾಳ ತಂದೆ ಕೊಟ್ಟ ಮಾತು ಉಳಿಯಿತು, ಮದುವೆ ಉಳಿಯಲಿಲ್ಲ. ಊರಲ್ಲಿ ಎಲ್ಲರೂ ಯಾವನೋ ಹುಡುಗ ಇರಬೇಕು ಎಂದು ಹುಡುಕಿದರು. ಕಡೆಗೆ ರೇಣುಕಾಳ ಅಣ್ಣನವರೆಗೂ ಹೋಗಿ ಬಂದರು. ಯಾರೂ ಸಿಗಲಿಲ್ಲ.

ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಒಬ್ಬರೂ ಬೈಯಲಿಲ್ಲ. ಮೇಡಂ ಅವರ ಪೈಕಿ ಬೇರೆ, ನಮ್ಮ ಪದ್ಧತಿ ಅವರಿಗೇನು ಗೊತ್ತು ಎಂದುಬಿಟ್ಟರು. ಅವಳ ತಂದೆ ಕಾಲೇಜಿಗೇ ಬಂದು ಕೈ ಮುಗಿದು, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನನಗೇ ಸಮಾಧಾನ ಹೇಳಿದರು. ಆ ರಾತ್ರಿ ನಾನು ಮನೆಯ ಡಬ್ಬಿಗಳನ್ನೆಲ್ಲ ಮೂರು ಸಲ ಒರೆಸಿದೆ. ಶಿವಲೀಲಾಳಿಗೆ ಗೊತ್ತಿತ್ತೇ? ಗೊತ್ತಿರದೆ ವಿಭೂತಿ ಎಲ್ಲಿಂದ ಬಂತು? ಗೊತ್ತಿದ್ದರೆ ಅಜ್ಜಿ ಪಾದ ಹಿಡಿದು ಅಳುವಾಗ ಕಣ್ಣು ಮುಚ್ಚಿ ಕೂತಿದ್ದಳೇ? ಪರೀಕ್ಷೆ ಮುಗಿದು ಅವಳು ಹೊರಟುಹೋದಳು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಬಾಟಲಿ ಸಿಕ್ಕ ಮರುದಿನ, ಅಮ್ಮನನ್ನು ನೋಡಿಬರಲು ಶಹಾಬಾದಿಗೆ ಹೊರಟಿದ್ದೆ. ಗಾಡಿ ವಾಡಿಯಲ್ಲಿ ನಿಂತಿತು. ವಾಡಿಯಲ್ಲಿ ನಿಂತ ಗಾಡಿ ಯಾವಾಗ ಹೊರಡುತ್ತದೆಂದು ಬ್ರಹ್ಮನಿಗೂ ಗೊತ್ತಿಲ್ಲ. ನಾನು ಇಳಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದೆ. ಒಂದು ಕಿಟಕಿಯಿಂದ, “ಮೇಡಂ, ಎಷ್ಟು ತಿರಗತೀರಿ, ಒಳಗ ಬರ್ರಿ, ಕುಂದರ್ರಿ,” ಎಂದು ಕೇಳಿಸಿತು. ಶಿವಲೀಲಾ. ಕಲಬುರಗಿಯಲ್ಲಿ ಬಿ.ಎಡ್. ಮಾಡುತ್ತಿದ್ದಾಳೆ, ದಿನಾ ಕುರಕುಂಟಾದಿಂದ ಹೋಗಿ ಬರುತ್ತಾಳೆ. ಮುಖ ತುಂಬಿಕೊಂಡಿತ್ತು, ಮಾತೂ ಹೆಚ್ಚಾಗಿತ್ತು. ಪಕ್ಕದಲ್ಲಿ ಕೂತೆ. ಪೀಠಿಕೆಯಿಲ್ಲದೆ ಕೇಳಿಬಿಟ್ಟೆ, ಅವತ್ತು ನಿನಗೆ ಗೊತ್ತಿತ್ತೇ ಎಂದು.

“ನಮ್ಮ ಮನಿ ಸಾವು ನನಗ ಗೊತ್ತಿರಂಗಿಲ್ಲೇನ್ರಿ,” ಅಂದಳು. “ಬೀಗರಿಗೆ ಫೋನ್ ಮಾಡಿ ಕರೆದಾಕಿನೂ ನಾನೇ.”

ನನಗೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ.”

ನಿಜ. ಅನ್ನುತ್ತಿದ್ದೆ. ಮೊದಲು ಪರೀಕ್ಷೆ ಮುಗಿಸು, ಆಮೇಲೆ ನೋಡೋಣ ಎನ್ನುತ್ತಿದ್ದೆ. ಅವಳು ಕಿಟಕಿಯ ಹೊರಗೆ ತಿರುಗಿದಳು. ಎಲ್ಲ ಸರಿಯಾಗಿಯೇ ಯೋಚಿಸಿದ್ದಳಂತೆ. ಆಯಿ ಬರುತ್ತಾಳೆಂದು ಮಾತ್ರ ಅಂದುಕೊಂಡಿರಲಿಲ್ಲ. ಮೊಣಕಾಲು ನೋವಿನಿಂದ ಅಂಗಳ ದಾಟದವಳು, ಮೊಮ್ಮಗಳು ಪಾರ್ಟು ಮಾಡುತ್ತಾಳೆಂದು ಕೇಳಿ ಹಟ ಮಾಡಿ ಪಕ್ಕದ ಮನೆಯವರ ಜೀಪಿನಲ್ಲಿ ಬಂದಿದ್ದಳು.

“ಕಣ್ಣು ಮುಚ್ಚಿದ್ದೆನಲ್ರಿ, ದನಿ ಕೇಳಿ ಗೊತ್ತಾತು. ಕಣ್ಣು ತೆರೀಬೇಕಂತ ಭಾಳ ಅನಸ್ತು. ತೆರೆದಿದ್ರ ಮಂದಿ ನಗತಿದ್ರು, ಮದುವಿ ಆಗತಿತ್ತು.” ಆಮೇಲೆ ಈ ಕಡೆ ತಿರುಗಿ, “ಆಯಿಗಿ ಒಬ್ಬಾಕಿಗರೆ ಹೇಳಬೇಕಾಗಿತ್ತು ರಿ,” ಅಂದಳು.

ಆ ನಾಟಕದಲ್ಲಿ, ಮದುವೆಯ ಬೆಳಗ್ಗೆ ಹುಡುಗಿಯನ್ನು ಎಬ್ಬಿಸಲು ಬಂದ ಮನೆಮಂದಿ ಅವಳು ಸತ್ತಳೆಂದು ನಂಬಿ ಅಳುವ ಒಂದು ದೃಶ್ಯವಿದೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಸರಿಯಾಗಿ ಪಾಠ ಮಾಡಿಲ್ಲ. ಅವಳು ಬದುಕಿದ್ದಾಳಲ್ಲ, ಅವರು ಅತ್ತರೇನಾಯಿತು ಎಂದು ಎರಡು ಮಾತಿನಲ್ಲಿ ದಾಟಿಸಿ ಗೋರಿಯ ದೃಶ್ಯಕ್ಕೆ ಹೋಗುತ್ತೇನೆ. ಪರೀಕ್ಷೆಗೂ ಅದು ಬರುವುದಿಲ್ಲ.

ಆಯಿ ಈಗ ಹೇಗಿದ್ದಾಳೆ ಎಂದೆ. ಅವಳಿಗೆಲ್ಲ ತಿಳಿಸಿ ಹೇಳಿದ್ದೇವೆ, ಅರ್ಥವೂ ಆಗಿದೆ ಎಂದಳು. ಆದರೂ ಮೊಮ್ಮಗಳು ಸುಮ್ಮನೆ ಕೂತರೆ ತಡೆಯಲಾಗುವುದಿಲ್ಲವಂತೆ. ಮುಂಜಾನೆ ಎದ್ದ ಕೂಡಲೇ ಬಂದು ಮುಖ ಮುಟ್ಟಿ ನೋಡುತ್ತಾಳೆ.

“ಅದಕ್ಕ ನಾ ಮನ್ಯಾಗ ಜೋರ್ ಜೋರ್ ಓದ್ತೀನ್ರಿ ಮೇಡಂ. ಬಿ.ಎಡ್. ಪುಸ್ತಕ ಎಲ್ಲಾ ಬಾಯಿ ಮಾಡಿ ಓದ್ತೀನಿ. ಒಳಗ ಆಕಿಗಿ ಕೇಳಸ್ತಿರಲಿ ಅಂತ.”

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹೆಸರು ನೋಡದೆಯೇ ಕಿವಿಗೆ ಹಿಡಿದು, “ಹೂಂ ಆಯಿ, ಅದೀನಿ. ವಾಡಿಯಾಗ ಅದೀನಿ,” ಎಂದು ಬೋಗಿಯೆಲ್ಲ ತಿರುಗಿ ನೋಡುವಂತೆ ಶುರುಮಾಡಿದಳು. ಮೇಡಂ ಸಿಕ್ಕಾರ, ಹಳದಿ ಸೀರಿ ಉಟ್ಟಾರ, ಚಹಾದಾಂವ ಬಂದಾನ, ಹೊರಗ ಒಂದು ನಾಯಿ ಮಕ್ಕೊಂಡದ, ಈಗ ಎದ್ದಿತು ನೋಡು. ಗಾಡಿ ಹೊರಟಿತು. ಶಹಾಬಾದ್ ಬರುವವರೆಗೆ ಆ ಹುಡುಗಿ ಬಾಯಿ ಮುಚ್ಚಲಿಲ್ಲ. ನಾನು ಕೂತಲ್ಲಿಂದ ಏಳಲಿಲ್ಲ.